ಪಿಯುಸಿ ಮುಗೀತು, ಹೊರದೇಶಕ್ಕೆ ಹೋಗೋದಾ? ಮೈಸೂರು, ಮಂಡ್ಯದ ಕ್ವಿಯರ್ ಮಕ್ಕಳಿಗೆ ದಾರಿಗಳ ಹೋಲಿಕೆ

ಪಿಯುಸಿ ರಿಸಲ್ಟ್ ಬಂದ ವಾರದಿಂದಲೇ ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದ ಕಡೆ ಕನ್ಸಲ್ಟೆನ್ಸಿಗಳಲ್ಲಿ ಜನ ತುಂಬಿಕೊಳ್ಳುತ್ತಾರೆ. ಅಲ್ಲಿ ಕೂತ ಮಕ್ಕಳಲ್ಲಿ ಕೆಲವರ ತಲೆಯಲ್ಲಿ ಕೋರ್ಸು, ಫೀಸಿನ ಜೊತೆಗೆ ಇನ್ನೊಂದು ಲೆಕ್ಕವೂ ಓಡುತ್ತಿರುತ್ತದೆ. ಗೇ ಆಗಿರಲಿ, ಲೆಸ್ಬಿಯನ್ ಆಗಿರಲಿ, ಬೈ ಅಥವಾ ಟ್ರಾನ್ಸ್ ಆಗಿರಲಿ (ಇವರನ್ನೆಲ್ಲ ಸೇರಿಸಿ ಕ್ವಿಯರ್ ಅನ್ನುತ್ತಾರೆ), ಪಕ್ಕದಲ್ಲಿ ಅಪ್ಪ ಕೂತಿರುವಾಗ ಅದನ್ನು ಬಾಯಿ ಬಿಟ್ಟು ಕೇಳಲು ಆಗುವುದಿಲ್ಲ. ಅಲ್ಲಿಗೆ ಹೋದರೆ ನನ್ನ ಹಾಗೆ ನಾನು ಇರಬಹುದಾ? ಓದು ಮುಗಿದ ಮೇಲೆ ವಾಪಸ್ ಬರಲೇಬೇಕಾ? ಮಧ್ಯದಲ್ಲಿ ಮನೆಯವರಿಗೆ ಗೊತ್ತಾದರೆ ದುಡ್ಡು ನಿಂತು ಹೋಗುತ್ತಾ? ಈ ಬರಹ ಅಂಥ ಪ್ರಶ್ನೆ ಇಟ್ಟುಕೊಂಡವರಿಗೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವ ದೇಶ ಅನ್ನುವುದು ಎರಡನೇ ಪ್ರಶ್ನೆ. ಯಾವಾಗ ಹೋಗುತ್ತೀರಿ, ಯಾರ ದುಡ್ಡಲ್ಲಿ ಹೋಗುತ್ತೀರಿ ಅನ್ನುವುದು ಮೊದಲನೆಯದು. ಎಷ್ಟೇ ಒಳ್ಳೆ ಕಾನೂನಿರುವ ದೇಶಕ್ಕೆ ಹೋದರೂ, ಪ್ರತಿ ಸೆಮಿಸ್ಟರ್ ಫೀಸು ಊರಿನ ಮನೆಯಿಂದಲೇ ಬರಬೇಕು ಅಂದರೆ ನಿಮ್ಮ ಬದುಕಿನ ಹಿಡಿತ ಇನ್ನೂ ಊರಲ್ಲೇ ಇರುತ್ತದೆ. ಕೆಳಗಿನ ಹೋಲಿಕೆಯನ್ನೆಲ್ಲ ಈ ಒಂದು ಮಾತಿನ ಮೇಲೆ ಮಾಡಿದ್ದೇನೆ.

ಇಲ್ಲೇ ಉಳಿಯುವುದೂ ಒಂದು ದಾರಿ

2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಯಸ್ಸಿಗೆ ಬಂದ ಒಂದೇ ಲಿಂಗದ ಇಬ್ಬರು ಒಪ್ಪಿ ಜೊತೆಗಿರುವುದು ನಮ್ಮಲ್ಲಿ ಅಪರಾಧವಲ್ಲ. ಹಿಂದೆ ಇದನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ಹೆಸರಲ್ಲಿ ಹೆದರಿಸುವವರು ಈಗಲೂ ಇದ್ದಾರೆ, ಅವರ ಮಾತಿಗೆ ಬೆಲೆ ಕೊಡಬೇಡಿ. ಆದರೆ 2023ರ ಅಕ್ಟೋಬರ್ 17ರಂದು ಅದೇ ಕೋರ್ಟ್ ಮದುವೆಯ ಹಕ್ಕು ಕೊಡಲಿಲ್ಲ, ಅದನ್ನು ಸಂಸತ್ತಿಗೆ ಬಿಟ್ಟಿತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಒಂದು ಸೂಚನೆ ಹೊರಡಿಸಿ, ಕ್ವಿಯರ್ ಜೋಡಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ ಎಂದು ಸ್ಪಷ್ಟ ಮಾಡಿತು. ಚಿಕ್ಕದು ಅನ್ನಿಸಬಹುದು. ಜೊತೆಯಲ್ಲಿ ಬಾಳುತ್ತಿರುವವರಿಗೆ ಇದು ದೊಡ್ಡದೇ.

ಮಂಡ್ಯದಿಂದ 100 ಕಿಲೋಮೀಟರ್ ದೂರದಲ್ಲಿ ಬೆಂಗಳೂರಿದೆ. ಅಲ್ಲಿ ಕ್ವಿಯರ್ ಜನರ ‘ಗುಡ್ ಆಸ್ ಯು’ ಗುಂಪು ಶುರುವಾಗಿದ್ದು 1994ರಲ್ಲಿ, ಅವರ ಹಕ್ಕಿಗಾಗಿ ದುಡಿಯುವ ‘ಸಂಗಮ’ ಸಂಸ್ಥೆ 1999ರಲ್ಲಿ. 2008ರಿಂದ ಪ್ರೈಡ್ ಮೆರವಣಿಗೆ ನಡೆಯುತ್ತಿದೆ. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೇಮಕಾತಿಯಲ್ಲಿ ಟ್ರಾನ್ಸ್ ವ್ಯಕ್ತಿಗಳಿಗೆ ಶೇಕಡಾ 1ರಷ್ಟು ಮೀಸಲಾತಿ ಕೊಟ್ಟಿತು, ದೇಶದಲ್ಲೇ ಮೊದಲು. ಕೆಲವು ಕಂಪನಿಗಳು ಸಂಗಾತಿಯನ್ನೂ ಇನ್ಶೂರೆನ್ಸಿಗೆ ಸೇರಿಸಿಕೊಳ್ಳುತ್ತವೆ. ಸಾಲವಿಲ್ಲ, ವೀಸಾ ಇಲ್ಲ, ಭಾಷೆ ನಮ್ಮದು. ಬೆಂಗಳೂರು ಕೊಡಲಾಗದ್ದು ಎರಡು: ಸಂಗಾತಿಗೆ ಕಾನೂನಿನ ಗುರುತು, ಮತ್ತು ಮನೆಯವರಿಂದ ದೂರ. ಬೆಳಗ್ಗೆ ಫೋನ್ ಎತ್ತದೇ ಹೋದರೆ ಮಧ್ಯಾಹ್ನದ ಹೊತ್ತಿಗೆ ಮಾವ ಬಾಗಿಲ ಮುಂದೆ ನಿಂತಿರುತ್ತಾರೆ.

ಹೊರದೇಶಕ್ಕೆ ಹೋಗುವ ಆಸೆ ಇದ್ದರೂ, ನಡುವಿನ ನಾಲ್ಕೈದು ವರ್ಷಕ್ಕೆ ಬೆಂಗಳೂರನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಎಷ್ಟೋ ಜನರಿಗೆ ಮೊದಲ ಗೆಳೆಯರ ಬಳಗ ಸಿಗುವುದು ಅಲ್ಲೇ.

ಯಾವಾಗ ಹೋಗುವುದು?

ಪಿಯುಸಿ ಮುಗಿದ ಕೂಡಲೇ ಹೊರಗೆ ಡಿಗ್ರಿಗೆ ಹೋಗುವುದು ಎಲ್ಲಕ್ಕಿಂತ ದುಬಾರಿ ದಾರಿ. ಕೆನಡಾದ ವಿಶ್ವವಿದ್ಯಾಲಯಗಳಲ್ಲಿ ಹೊರದೇಶದ ವಿದ್ಯಾರ್ಥಿಗೆ ವರ್ಷದ ಫೀಸೇ 20-25 ಲಕ್ಷ ರೂಪಾಯಿ ಆಗುವುದು ಸಾಮಾನ್ಯ, ಅದೂ ನಾಲ್ಕು ವರ್ಷ. ಡಿಗ್ರಿಗೆ ಪೂರ್ತಿ ಸ್ಕಾಲರ್‌ಶಿಪ್ ಸಿಗುವುದು ಬಹಳ ಅಪರೂಪ. ಸ್ಟೂಡೆಂಟ್ ವೀಸಾ ನಿಂತಿರುವುದು ಅಡ್ಮಿಶನ್ ಮೇಲೆ. ಎರಡನೇ ವರ್ಷದಲ್ಲಿ ಮನೆಗೆ ವಿಷಯ ಗೊತ್ತಾಗಿ ಅಪ್ಪ ದುಡ್ಡು ನಿಲ್ಲಿಸಿದರು ಅಂದುಕೊಳ್ಳಿ. ಫೀಸು ಕಟ್ಟದಿದ್ದರೆ ಅಡ್ಮಿಶನ್ ಹೋಗುತ್ತದೆ, ಅಡ್ಮಿಶನ್ ಹೋದರೆ ವೀಸಾ ಹೋಗುತ್ತದೆ. ಡಿಗ್ರಿಯೂ ಇಲ್ಲದೆ, ಜಗಳದ ನಡುವೆ ಅದೇ ಮನೆಗೆ ವಾಪಸ್ ಬರಬೇಕಾಗುತ್ತದೆ. ಮನೆಯವರಿಗೆ ವಿಷಯ ಗೊತ್ತಿದ್ದು, ಅವರು ಒಪ್ಪಿ ಕಳಿಸುತ್ತಿದ್ದರೆ ಮಾತ್ರ ಈ ದಾರಿ ಹಿಡಿಯಿರಿ. ಅಂಥ ಅಪ್ಪ ಅಮ್ಮಂದಿರು ನಮ್ಮ ಕಡೆಯೂ ಇದ್ದಾರೆ.

ಎರಡನೆಯದು, ಡಿಗ್ರಿ ಇಲ್ಲೇ ಮುಗಿಸಿ ಮಾಸ್ಟರ್ಸ್‌ಗೆ ಹೋಗುವುದು. ಖರ್ಚು ನಾಲ್ಕು ವರ್ಷದಿಂದ ಒಂದೆರಡು ವರ್ಷಕ್ಕೆ ಇಳಿಯುತ್ತದೆ. ಸ್ಕಾಲರ್‌ಶಿಪ್‌ಗಳೂ ಜಾಸ್ತಿ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಮಾಸ್ಟರ್ಸ್, ಪಿಎಚ್‌ಡಿಗೆ ಸಿಗುತ್ತದೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯಗಳ ಜೊತೆಗೆ ಭೂಮಿ ಇಲ್ಲದ ಕೃಷಿ ಕೂಲಿಗಳ ಮಕ್ಕಳೂ ಅರ್ಜಿ ಹಾಕಬಹುದು. ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷದೊಳಗೆ ಇರಬೇಕು, ಡಿಗ್ರಿಯಲ್ಲಿ ಶೇಕಡಾ 60 ಅಂಕ ಬೇಕು. ರಾಜ್ಯ ಸರ್ಕಾರದ ‘ಪ್ರಬುದ್ಧ’ ಯೋಜನೆ ಪರಿಶಿಷ್ಟ ಜಾತಿ, ಪಂಗಡದವರಿಗಿದೆ. ಕನ್ಸಲ್ಟೆನ್ಸಿಯವರು ಇವನ್ನೆಲ್ಲ ಹೇಳುವುದು ಕಡಿಮೆ, ಸಮಾಜ ಕಲ್ಯಾಣ ಇಲಾಖೆಯಲ್ಲಿ ನೀವೇ ವಿಚಾರಿಸಿ.

ಮೂರನೆಯದು, ಡಿಗ್ರಿ ಆದಮೇಲೆ ಎರಡು ಮೂರು ವರ್ಷ ದುಡಿದು ಹೋಗುವುದು. ನನ್ನ ಓಟು ಇದಕ್ಕೇ. ನಿಮ್ಮದೇ ಸಂಬಳ, ನಿಮ್ಮದೇ ಉಳಿತಾಯ, ಸಾಲ ಚಿಕ್ಕದು. ಬ್ರಿಟನ್ನಿನ ಚೀವ್ನಿಂಗ್ ಸ್ಕಾಲರ್‌ಶಿಪ್‌ಗೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಕೇಳುತ್ತಾರೆ, ಆ ಬಾಗಿಲೂ ತೆರೆಯುತ್ತದೆ. ಆದರೆ ಹುಡುಗಿಯರ ವಿಷಯದಲ್ಲಿ ಈ ಮಾತನ್ನು ಸ್ವಲ್ಪ ತಿದ್ದಬೇಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಡಿಗ್ರಿ ಮುಗಿಯುವ ಮೊದಲೇ ಜಾತಕ ಹೊರಗೆ ಬಂದಿರುತ್ತದೆ. “ಮದುವೆ ಮಾಡಿ ಕಳಿಸ್ತೀವಿ, ಗಂಡನ ಜೊತೆ ಹೋಗಿ ಓದ್ಕೋ” ಅನ್ನುತ್ತಾರೆ. ಕೆಲಸ ಮಾಡುತ್ತಾ ಎರಡು ವರ್ಷ ತಳ್ಳಲು ಅವರು ಬಿಡುತ್ತಾರೆಯೇ ಅನ್ನುವುದು ಅನುಮಾನ. ಓದು ಅಂದರೆ ಮಾತ್ರ ಮದುವೆ ಮಾತು ಮುಂದಕ್ಕೆ ಹೋಗುವ ಮನೆಯಾಗಿದ್ದರೆ, ಡಿಗ್ರಿಯ ಕೊನೆ ವರ್ಷದಲ್ಲೇ ಮಾಸ್ಟರ್ಸ್‌ಗೆ ಅರ್ಜಿ ಹಾಕುವುದು ವಾಸಿ.

ಹುಡುಗರಿಗೂ ಒಂದು ಮಾತು. ಹೊರದೇಶಕ್ಕೆ ಹೋದರೆ ಮದುವೆ ಕಾಟ ತಪ್ಪುತ್ತದೆ ಅಂದುಕೊಳ್ಳಬೇಡಿ. “ನಮ್ಮ ಹುಡ್ಗ ಕೆನಡಾದಲ್ಲವ್ನೆ” ಅಂದ ದಿನದಿಂದ ಹೆಣ್ಣು ಕೊಡುವವರು ಇನ್ನೂ ಜಾಸ್ತಿಯಾಗುತ್ತಾರೆ. ಒತ್ತಡಕ್ಕೆ ಮಣಿದು ಏನೂ ತಿಳಿಯದ ಹುಡುಗಿಯೊಬ್ಬಳನ್ನು ಮದುವೆಯಾಗಿ ಅಲ್ಲಿಗೆ ಕರೆದುಕೊಂಡು ಹೋಗುವುದು ಅವಳಿಗೆ ಮಾಡುವ ದೊಡ್ಡ ಅನ್ಯಾಯ. ಆ ದಾರಿ ಈ ಹೋಲಿಕೆಯಲ್ಲಿ ಇಲ್ಲವೇ ಇಲ್ಲ.

ಬ್ಯಾಂಕಿನ ಟೇಬಲ್ ಮೇಲೆ

ಸಾಲದ ವಿಷಯವನ್ನು ಹತ್ತಿರದಿಂದ ನೋಡಿ. ಎಜುಕೇಶನ್ ಲೋನ್ 4 ಲಕ್ಷದವರೆಗೆ ಸಾಮಾನ್ಯವಾಗಿ ಅಡಮಾನ ಕೇಳುವುದಿಲ್ಲ, ಅಪ್ಪ ಅಥವಾ ಅಮ್ಮ ಸಹ-ಸಾಲಗಾರರಾಗಿ ಸಹಿ ಹಾಕಿದರೆ ಸಾಕು. ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡ ಇಡಬೇಕು. ಗದ್ದೆ, ಕಬ್ಬಿನ ಜಮೀನನ್ನು ಎಷ್ಟೋ ಬ್ಯಾಂಕುಗಳು ಇದಕ್ಕೆ ಒಪ್ಪುವುದಿಲ್ಲ, ಮನೆ ಇಲ್ಲವೇ ಸೈಟು ಕೇಳುತ್ತವೆ. ಹಳ್ಳಿ ಮನೆಯಾದರೆ ಇ-ಸ್ವತ್ತಿನ ಫಾರಂ 9, ಫಾರಂ 11 ಬೇಕು. ಋಣಭಾರ ಪತ್ರ ಬೇಕು. ಬ್ಯಾಂಕಿನ ವಕೀಲರು ಕಾಗದ ಓದುತ್ತಾ ಮನೆ ಇನ್ನೂ ತಾತನ ಹೆಸರಲ್ಲೇ ಇದೆ ಅಂತ ಕಂಡುಹಿಡಿಯುತ್ತಾರೆ. ಆಗ ಚಿಕ್ಕಪ್ಪನ ಸಹಿ, ಅತ್ತೆಯ ಸಹಿ ಎಲ್ಲ ಬೇಕಾಗುತ್ತದೆ. ಅತ್ತೆ ಸಹಿ ಹಾಕಲು ಬಂದವರು ಕಾಫಿ ಕುಡಿಯುತ್ತಾ, “ಓದು ಮುಗಿಸ್ಕೊಂಡು ಬಂದ್ಮೇಲೆ ನಮ್ ಹುಡ್ಗೀನೇ ನೋಡ್ರಪ್ಪ” ಅನ್ನುತ್ತಾರೆ. ಅವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಆದರೆ ಆ ಕಾಗದದ ಮೇಲೆ ಸಹಿ ಬಿದ್ದ ದಿನದಿಂದ ನಿಮ್ಮ ಬದುಕಿನ ಬಗ್ಗೆ ಮಾತಾಡುವ ಹಕ್ಕು ಇಷ್ಟೂ ಜನಕ್ಕೆ ಬಂತು ಅಂತಲೇ ಅವರೆಲ್ಲ ತಿಳಿಯುತ್ತಾರೆ.

ಕೋರ್ಸು ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಅಪ್ಪನ ಮನೆ ಮೇಲೆ 40 ಲಕ್ಷ ಸಾಲ ಇರುವಾಗ “ನಾನು ಹೀಗೆ” ಅಂತ ಹೇಳಲು ಧೈರ್ಯ ಬರುವುದು ಕಷ್ಟ. 8 ಲಕ್ಷ ಸಾಲ ಇದ್ದರೆ ಎರಡು ಮೂರು ವರ್ಷದಲ್ಲಿ ತೀರಿಸಿ ಮಾತಾಡಬಹುದು. ದೇಶ ಆರಿಸುವಾಗ ನಾನು ಫೀಸಿಗೆ ಇಷ್ಟು ತೂಕ ಕೊಡುವುದು ಇದಕ್ಕೇ.

ದೇಶಗಳಲ್ಲಿ ನನ್ನ ಮೊದಲ ಆಯ್ಕೆ

ಜರ್ಮನಿ. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ, ಸೆಮಿಸ್ಟರ್‌ಗೆ ಕೆಲವು ನೂರು ಯೂರೋ ಕಟ್ಟಿದರೆ ಆಯಿತು. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಮಾತ್ರ ನಮ್ಮಂಥ ಹೊರದೇಶದ ವಿದ್ಯಾರ್ಥಿಗಳಿಂದ ಸೆಮಿಸ್ಟರ್‌ಗೆ 1,500 ಯೂರೋ ತೆಗೆದುಕೊಳ್ಳುತ್ತದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಫೀಸು ಶುರು ಮಾಡಿದೆ. ವೀಸಾಗೆ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು, ಅಂದರೆ 12 ಲಕ್ಷದ ಆಸುಪಾಸು. ಅದು ಫೀಸಲ್ಲ, ನಿಮ್ಮದೇ ದುಡ್ಡು, ತಿಂಗಳಿಗೆ 992 ಯೂರೋ ಹಾಗೆ ನಿಮ್ಮ ಕೈಗೇ ವಾಪಸ್ ಬರುತ್ತದೆ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ.

ಅಲ್ಲಿ 2017ರ ಅಕ್ಟೋಬರ್ 1ರಿಂದ ಒಂದೇ ಲಿಂಗದವರ ಮದುವೆ ಕಾನೂನುಬದ್ಧ. 2024ರ ನವೆಂಬರ್ 1ರಿಂದ ಜಾರಿಯಾದ ಕಾನೂನಿನಲ್ಲಿ ವೈದ್ಯರ ಸರ್ಟಿಫಿಕೇಟ್, ಕೋರ್ಟು ಇಲ್ಲದೆ, ಸ್ವಂತ ಹೇಳಿಕೆ ಮೇಲೆ ಹೆಸರು ಮತ್ತು ಲಿಂಗದ ನಮೂದು ಬದಲಿಸಿಕೊಳ್ಳಬಹುದು. ಎಚ್‌ಐವಿ ಬರದಂತೆ ತಡೆಯುವ ಪ್ರೆಪ್ ಔಷಧಿಯನ್ನು 2019ರಿಂದ ಸರ್ಕಾರಿ ಆರೋಗ್ಯ ವಿಮೆಯೇ ಭರಿಸುತ್ತದೆ.

ಕಷ್ಟಗಳೂ ಇವೆ. ಬರೀ ಪಿಯುಸಿ ಮೇಲೆ ಅಲ್ಲಿ ನೇರ ಅಡ್ಮಿಶನ್ ಸಾಮಾನ್ಯವಾಗಿ ಸಿಗುವುದಿಲ್ಲ. ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು ಅಥವಾ ಇಲ್ಲಿ ಡಿಗ್ರಿಯ ಒಂದು ವರ್ಷವಾದರೂ ಮುಗಿದಿರಬೇಕು. ಅರ್ಜಿಗೆ ಮೊದಲು ಎಪಿಎಸ್ ಅನ್ನುವ ದಾಖಲೆ ಪರಿಶೀಲನೆ ಕಡ್ಡಾಯ, ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಕೋರ್ಸು ಇಂಗ್ಲಿಷಿನಲ್ಲಿದ್ದರೂ ಕೆಲಸ ಸಿಗಬೇಕಾದರೆ ಜರ್ಮನ್ ಬೇಕೇ ಬೇಕು. ಬಾಡಿಗೆ ಮನೆ ಹುಡುಕಾಟವೂ ದೊಡ್ಡ ತಲೆನೋವು.

ಪಿಯುಸಿ ಮುಗಿಸಿ, ಮನೆಯ ದುಡ್ಡು ಬೇಡವೇ ಬೇಡ ಅನ್ನುವವರಿಗೆ ಅಲ್ಲಿ ಇನ್ನೊಂದು ದಾರಿ ಇದೆ: ಔಸ್‌ಬಿಲ್ಡುಂಗ್. ಕೆಲಸ ಮಾಡುತ್ತಲೇ ಕಲಿಯುವ ಮೂರು ವರ್ಷದ ತರಬೇತಿ. ನರ್ಸಿಂಗ್ ತರಬೇತಿಯಲ್ಲಿ ತಿಂಗಳಿಗೆ 1,000 ಯೂರೋಗಿಂತ ಜಾಸ್ತಿ ಸಂಬಳ ಬರುತ್ತದೆ, ಮುಗಿದ ಮೇಲೆ ಕೆಲಸಕ್ಕೆ ಕೊರತೆ ಇಲ್ಲ. ಬದಲಿಗೆ ಕೇಳುವುದು ಜರ್ಮನ್ ಭಾಷೆ, ಬಿ1 ಅಥವಾ ಬಿ2 ಮಟ್ಟ. ಅದನ್ನು ಕಲಿಯಲು ಒಂದು ವರ್ಷಕ್ಕಿಂತ ಜಾಸ್ತಿಯೇ ಬೇಕು. ಬೆಂಗಳೂರಿನ ಗೋಯ್ತೆ ಇನ್‌ಸ್ಟಿಟ್ಯೂಟ್‌ನಲ್ಲಿ ಪರೀಕ್ಷೆ ಬರೆಯಬಹುದು. ರೋಗಿಗಳನ್ನು ಎತ್ತಿ ಕೂರಿಸುವ, ಸ್ನಾನ ಮಾಡಿಸುವ ಕೆಲಸ, ಸೊಂಟ ಬೀಳುತ್ತದೆ. ಮನಸ್ಸಿದ್ದವರು ಮಾತ್ರ ಹೋಗಿ. ಈ ದಾರಿಗೆ ಲಕ್ಷಗಟ್ಟಲೆ ಕೇಳುವ ಏಜೆಂಟರಿದ್ದಾರೆ. ಅಲ್ಲಿನ ಆಸ್ಪತ್ರೆಗಳಿಗೆ ನೀವೇ ನೇರವಾಗಿ ಅರ್ಜಿ ಹಾಕಬಹುದು ಅನ್ನುವುದನ್ನು ಮರೆಯಬೇಡಿ.

ಉಳಿದ ದೇಶಗಳು

ಕಾನೂನು ಮಾತ್ರ ನೋಡಿದರೆ ಕೆನಡಾ ಜರ್ಮನಿಗಿಂತ ಒಂದು ಕೈ ಮೇಲೆ. 2005ರ ಜುಲೈನಿಂದಲೇ ಅಲ್ಲಿ ಮದುವೆ ಇದೆ. ಮದುವೆ ಆಗದೇ ಒಂದು ವರ್ಷ ಒಟ್ಟಿಗೆ ಬಾಳಿದ ಸಂಗಾತಿಯನ್ನೂ ವಲಸೆ ಇಲಾಖೆ ಒಪ್ಪುತ್ತದೆ. ಮದುವೆಯಾಗಲು, ಒಟ್ಟಿಗಿರಲು ತಮ್ಮ ದೇಶದಲ್ಲಿ ಆಗದವರನ್ನು ಸ್ಪಾನ್ಸರ್ ಮಾಡಲು ಬೇರೆ ವಿಭಾಗವೇ ಇದೆ. ಜರ್ಮನಿಯಲ್ಲಿ ಕಾಗದದ ಮದುವೆ ಇಲ್ಲದೆ ಸಂಗಾತಿಗೆ ಕುಟುಂಬ ವೀಸಾ ಸಿಗುವುದಿಲ್ಲ. ಊರಲ್ಲಿ ಸಂಗಾತಿ ಇರುವವರು ಈ ವ್ಯತ್ಯಾಸವನ್ನು ಚೆನ್ನಾಗಿ ಗಮನಿಸಿ.

ಆದರೆ ಕೆನಡಾದ ಬಾಗಿಲು ಈಗ ಕಿರಿದಾಗಿದೆ. 2024ರಿಂದ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿದ್ದಾರೆ. ಬೇಗ ವೀಸಾ ಕೊಡುತ್ತಿದ್ದ ಎಸ್‌ಡಿಎಸ್ ಯೋಜನೆ 2024ರ ನವೆಂಬರ್‌ನಲ್ಲಿ ಮುಚ್ಚಿತು. ಫೀಸಿನ ಮೇಲೆ 22,895 ಕೆನಡಾ ಡಾಲರ್ ಜೀವನ ಖರ್ಚು ತೋರಿಸಬೇಕು. ಕಾಲೇಜು ಡಿಪ್ಲೊಮಾ ಕೋರ್ಸುಗಳಲ್ಲಿ ಎಲ್ಲದಕ್ಕೂ ಈಗ ನಂತರದ ವರ್ಕ್ ಪರ್ಮಿಟ್ ಸಿಗುವುದಿಲ್ಲ. ಏಜೆಂಟ್ ತೋರಿಸಿದ ಅಗ್ಗದ ಡಿಪ್ಲೊಮಾಗೆ ಸಹಿ ಹಾಕುವ ಮೊದಲು ಅದು ಪಟ್ಟಿಯಲ್ಲಿದೆಯೇ ಅಂತ ಕೆನಡಾ ಸರ್ಕಾರದ ಸೈಟಿನಲ್ಲೇ ನೋಡಿ.

ಬ್ರಿಟನ್‌ನಲ್ಲಿ ಮಾಸ್ಟರ್ಸ್ ಒಂದೇ ವರ್ಷ. ಓದು ಮುಗಿದ ಮೇಲೆ ಎರಡು ವರ್ಷ ಉಳಿಯಬಹುದಿತ್ತು, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು. ಲೈಂಗಿಕ ಆರೋಗ್ಯದ ಕ್ಲಿನಿಕ್‌ಗಳು ಉಚಿತ, ಎಚ್‌ಐವಿ ಚಿಕಿತ್ಸೆಯೂ ಉಚಿತ. ಗೇ, ಲೆಸ್ಬಿಯನ್ ಮಕ್ಕಳಿಗೆ ಒಳ್ಳೆ ಜಾಗವೇ. ಟ್ರಾನ್ಸ್ ಮಕ್ಕಳಿಗೆ ನಾನು ಹಾಗೆ ಹೇಳಲಾರೆ. 2025ರ ಏಪ್ರಿಲ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸಮಾನತೆ ಕಾಯ್ದೆಯಲ್ಲಿ ‘ಹೆಣ್ಣು’ ಅಂದರೆ ಹುಟ್ಟಿನಿಂದ ಹೆಣ್ಣಾದವರು ಮಾತ್ರ ಎಂದಿತು. ಸರ್ಕಾರಿ ಜೆಂಡರ್ ಕ್ಲಿನಿಕ್‌ನಲ್ಲಿ ಮೊದಲ ಭೇಟಿಗೇ ವರ್ಷಗಟ್ಟಲೆ ಕಾಯಬೇಕು.

ಐರ್ಲೆಂಡ್ ಚಿಕ್ಕ ದೇಶ, ಇಂಗ್ಲಿಷ್ ಸಾಕು. 2015ರ ಮೇ ತಿಂಗಳಲ್ಲಿ ಜನರೇ ಓಟು ಹಾಕಿ ಮದುವೆಯ ಹಕ್ಕು ತಂದ ದೇಶ ಅದು, ಅದೇ ವರ್ಷ ಸ್ವಂತ ಹೇಳಿಕೆಯ ಮೇಲೆ ಲಿಂಗ ಗುರುತಿಸುವ ಕಾನೂನೂ ಬಂತು. ಮಾಸ್ಟರ್ಸ್ ಮುಗಿಸಿದವರು ಎರಡು ವರ್ಷ ಉಳಿದು ಕೆಲಸ ಹುಡುಕಬಹುದು. ಡಬ್ಲಿನ್ ಬಾಡಿಗೆ ಮಾತ್ರ ವಿಪರೀತ. ನೆದರ್ಲೆಂಡ್ಸ್ 2001ರಲ್ಲಿ ಜಗತ್ತಿಗೇ ಮೊದಲು ಈ ಮದುವೆಗೆ ಅವಕಾಶ ಕೊಟ್ಟಿತು, ಅಲ್ಲಿಯೂ ಮನೆ ಸಿಗದ ಕಷ್ಟ ಇದೆ. ಆಸ್ಟ್ರೇಲಿಯಾ 2017ರಿಂದ ಒಪ್ಪಿದೆ, ಆದರೆ 29,710 ಆಸ್ಟ್ರೇಲಿಯಾ ಡಾಲರ್ ಉಳಿತಾಯ ತೋರಿಸಬೇಕು, ವೀಸಾ ಅರ್ಜಿಗೇ 2,000 ಡಾಲರ್. ಅಮೆರಿಕದಲ್ಲಿ 2015ರಿಂದ ಮದುವೆ ಇದೆ, ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ ಮೂರು ವರ್ಷ ಕೆಲಸದ ಅವಕಾಶವೂ ಇದೆ. ಆದರೆ 2025ರ ಜನವರಿ 20ರ ಆದೇಶದಿಂದ ಅಲ್ಲಿನ ಕೇಂದ್ರ ಸರ್ಕಾರ ಹುಟ್ಟಿನ ಆಧಾರದ ಗಂಡು, ಹೆಣ್ಣು ಎರಡನ್ನೇ ಗುರುತಿಸುತ್ತದೆ. ಟ್ರಾನ್ಸ್ ಮಕ್ಕಳು ಈಗ ಅಲ್ಲಿಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ.

ಏಷ್ಯಾದಲ್ಲೇ ಇರಬೇಕು ಅನ್ನುವವರಿಗೆ ತೈವಾನ್ ಇದೆ. 2019ರ ಮೇನಿಂದ ಮದುವೆ ಕಾನೂನುಬದ್ಧ, ಸರ್ಕಾರಿ ಸ್ಕಾಲರ್‌ಶಿಪ್‌ಗಳಿವೆ. ಸಿಂಗಾಪುರ ತನ್ನ 377ಎ ಸೆಕ್ಷನ್ ತೆಗೆದಿದ್ದರೂ, ಮದುವೆ ಗಂಡು ಹೆಣ್ಣಿಗೆ ಮಾತ್ರ ಅನ್ನುವ ವ್ಯಾಖ್ಯೆಗೆ ಸಂವಿಧಾನದಲ್ಲೇ ರಕ್ಷಣೆ ಕೊಟ್ಟುಕೊಂಡಿದೆ.

ಇಲ್ಲಿಗೆ ಹೋಗುವ ಮುಂಚೆ ಹತ್ತು ಸಲ ಯೋಚಿಸಿ

ನೀಟ್‌ನಲ್ಲಿ ಸೀಟು ಸಿಗದೆ ಎಂಬಿಬಿಎಸ್‌ಗೆ ಹೊರಗೆ ಹೋಗುವ ಮಕ್ಕಳು ನಮ್ಮ ಜಿಲ್ಲೆಗಳಲ್ಲಿ ಬಹಳ. ಅವರಿಗೆ ಏಜೆಂಟರು ಹೇಳುವ ಹೆಸರುಗಳು ರಷ್ಯಾ, ಜಾರ್ಜಿಯಾ, ಉಜ್ಬೇಕಿಸ್ತಾನ, ಕಿರ್ಗಿಸ್ತಾನ. ಫೀಸು ಕಡಿಮೆ, ಮೆಸ್ಸಲ್ಲಿ ಅನ್ನ ಸಾರು ಸಿಗುತ್ತೆ ಅಂತ ಹೇಳುತ್ತಾರೆ. ನಿಮಗೆ ಬೇಕಾದ ವಿಷಯ ಹೇಳುವುದಿಲ್ಲ, ಅವರಿಗೆ ಅದು ಗೊತ್ತೂ ಇರುವುದಿಲ್ಲ.

ರಷ್ಯಾದ ಸುಪ್ರೀಂ ಕೋರ್ಟ್ 2023ರ ನವೆಂಬರ್ 30ರಂದು ‘ಅಂತರರಾಷ್ಟ್ರೀಯ ಎಲ್‌ಜಿಬಿಟಿ ಚಳವಳಿ’ಯನ್ನೇ ಉಗ್ರವಾದ ಅಂತ ಘೋಷಿಸಿದೆ. ಕಾಮನಬಿಲ್ಲಿನ ಕಿವಿಯೋಲೆ ಹಾಕಿಕೊಂಡಿದ್ದಕ್ಕೂ ಅಲ್ಲಿ ಶಿಕ್ಷೆಯಾಗಿದೆ. ಲಿಂಗ ಬದಲಾವಣೆಯ ಚಿಕಿತ್ಸೆಗೆ ಅದೇ ವರ್ಷದ ಜುಲೈನಿಂದ ನಿಷೇಧ ಇದೆ. ಉಜ್ಬೇಕಿಸ್ತಾನದಲ್ಲಿ ಗಂಡಸರ ನಡುವಿನ ಸಂಬಂಧಕ್ಕೆ ಮೂರು ವರ್ಷದವರೆಗೆ ಜೈಲು. ಜಾರ್ಜಿಯಾ 2024ರಲ್ಲಿ ‘ಕುಟುಂಬ ಮೌಲ್ಯ’ದ ಹೆಸರಲ್ಲಿ ಕಠಿಣ ಕಾನೂನು ತಂದಿತು. ಆರು ವರ್ಷದ ಕೋರ್ಸು ಅದು. 18ರಿಂದ 24ರ ತನಕ ಇಡೀ ಹರೆಯವನ್ನು ಮುಚ್ಚಿಟ್ಟುಕೊಂಡು ಬದುಕುವುದು ಅಂದರೆ ಸುಮ್ನೆ ಅಲ್ಲ. ಅದಕ್ಕಿಂತ ಇಲ್ಲೇ ಬಿಎಸ್‌ಸಿ ನರ್ಸಿಂಗ್, ಫಿಸಿಯೋಥೆರಪಿ ಓದಿ ಆಮೇಲೆ ಯುರೋಪಿಗೆ ಹೋಗುವುದು ಎಷ್ಟೋ ಮೇಲು ಅಂತ ನನಗೆ ಅನ್ನಿಸುತ್ತದೆ.

ಕೊಲ್ಲಿ ದೇಶಗಳ ಸಂಬಳ ಚೆನ್ನಾಗಿದೆ, ಟ್ಯಾಕ್ಸ್ ಇಲ್ಲ, ನಾಲ್ಕು ಗಂಟೆಯ ವಿಮಾನ. ಆದರೆ ಸೌದಿ, ಕತಾರ್, ಕುವೈತ್, ಒಮಾನ್, ಯುಎಇಗಳಲ್ಲಿ ನಮ್ಮ ಪ್ರೀತಿ ಅಪರಾಧ. ರೆಸಿಡೆನ್ಸಿ ವೀಸಾದ ವೈದ್ಯಕೀಯ ತಪಾಸಣೆಯಲ್ಲಿ ಎಚ್‌ಐವಿ ಪಾಸಿಟಿವ್ ಬಂದರೆ ವಾಪಸ್ ಕಳಿಸುತ್ತಾರೆ. ಮಲೇಷ್ಯಾದಲ್ಲೂ ಕಾನೂನು ನಮ್ಮ ವಿರುದ್ಧವೇ. ಮನೆಯ ಸಾಲ ತೀರಿಸಲು ಹೋಗಲೇಬೇಕು ಅಂದರೆ ಡೇಟಿಂಗ್ ಆ್ಯಪ್‌ಗಳನ್ನು ಮೊಬೈಲಿನಿಂದ ತೆಗೆದು ಹೋಗಿ.

ಯಾರ ಜೊತೆ ರೂಮು?

ಜನ ಕಡೆಗಣಿಸುವ ವಿಷಯ ಇದು. ಕನ್ಸಲ್ಟೆನ್ಸಿಯವರು ಅಡ್ಮಿಶನ್ ಜೊತೆಗೆ ರೂಮನ್ನೂ ಹೊಂದಿಸಿ ಕೊಡುತ್ತಾರೆ. ಒಂದೇ ಮನೆಯಲ್ಲಿ ಆರು ಜನ, ಎಲ್ಲ ನಮ್ಮ ಕಡೆಯವರೇ. ಮದ್ದೂರಿನವನೊಬ್ಬ, ನಂಜನಗೂಡಿನವನೊಬ್ಬ, ಕೆ.ಆರ್. ಪೇಟೆಯವನೊಬ್ಬ. ಒಗ್ಗರಣೆ ವಾಸನೆ, ಕನ್ನಡ ಮಾತು ಇರುತ್ತದೆ, ಹುಷಾರಿಲ್ಲದಾಗ ಗಂಜಿ ಮಾಡಿ ಕೊಡುವವರೂ ಇರುತ್ತಾರೆ. ಮೊದಲ ಆರು ತಿಂಗಳು ಇದರ ಬೆಲೆ ದೊಡ್ಡದು. ಆದರೆ ಆ ಮನೆಯಲ್ಲಿ ನಿಮ್ಮನ್ನು ನೋಡಲು ಒಬ್ಬ ಹುಡುಗ ಬಂದು ಹೋದರೆ ಆ ಸುದ್ದಿ ಅವತ್ತೇ ವಾಟ್ಸಾಪಿನಲ್ಲಿ ಕೆ.ಆರ್. ಪೇಟೆ ತಲುಪುತ್ತದೆ, ಅಲ್ಲಿಂದ ನಿಮ್ಮ ಮನೆಗೆ ಇನ್ನೆಷ್ಟು ಹೊತ್ತು?

ಹಾಗಾಗಿ ಮೊದಲ ವರ್ಷ ವಿಶ್ವವಿದ್ಯಾಲಯದ ಹಾಸ್ಟೆಲಿಗೇ ಅರ್ಜಿ ಹಾಕಿ. ಸ್ವಲ್ಪ ಜಾಸ್ತಿ ದುಡ್ಡಾದರೂ ಪರವಾಗಿಲ್ಲ. ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಕ್ವಿಯರ್ ವಿದ್ಯಾರ್ಥಿಗಳ ಗುಂಪು ಇರುತ್ತದೆ, ಹೋಗುವ ಮುಂಚೆಯೇ ಅವರಿಗೆ ಮೇಲ್ ಮಾಡಬಹುದು. ಕನ್ನಡ ಕೂಟದ ಯುಗಾದಿ ಊಟಕ್ಕೂ ಹೋಗಿ, ನಮ್ಮ ಜನರನ್ನು ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಮಲಗುವ ಕೋಣೆ ಮಾತ್ರ ಬೇರೆ ಇರಲಿ.

ಟ್ರಾನ್ಸ್ ಮಕ್ಕಳ ಕಾಗದಪತ್ರ

ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡು, ಪಿಯುಸಿ ಮಾರ್ಕ್ಸ್ ಕಾರ್ಡು, ಆಧಾರ್, ಪಾಸ್‌ಪೋರ್ಟ್, ಈ ನಾಲ್ಕರಲ್ಲೂ ಹೆಸರು ಒಂದೇ ಇರಬೇಕು. ಒಂದರಲ್ಲಿ ಹಳೆ ಹೆಸರು, ಇನ್ನೊಂದರಲ್ಲಿ ಹೊಸ ಹೆಸರು ಇದ್ದರೆ ವೀಸಾ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಬದಲಿಸಬೇಕು ಅಂತಿದ್ದರೆ ಪೂರ್ತಿ ಬದಲಿಸಿ ಆಮೇಲೆ ಅರ್ಜಿ ಹಾಕಿ, ಇಲ್ಲವೇ ಹಳೆ ಹೆಸರಲ್ಲೇ ಹೋಗಿ. ಅರ್ಜಿ ಹಾಕಿದ ಮೇಲೆ ಮಧ್ಯದಲ್ಲಿ ಕೈ ಹಾಕಬೇಡಿ. ನಮ್ಮ ಪಾಸ್‌ಪೋರ್ಟ್ ಅರ್ಜಿಯಲ್ಲಿ ಟ್ರಾನ್ಸ್‌ಜೆಂಡರ್ ಅನ್ನುವ ಆಯ್ಕೆಯೂ ಇದೆ. ಆದರೆ ಅದೇ ಪಾಸ್‌ಪೋರ್ಟ್ ಹಿಡಿದು ದುಬೈ, ದೋಹಾ ವಿಮಾನ ನಿಲ್ದಾಣದಲ್ಲಿ ಇಳಿದು ಹತ್ತಬೇಕಾಗುತ್ತದೆ. ಸಾಧ್ಯವಾದರೆ ನೇರ ವಿಮಾನ ಹಿಡಿಯಿರಿ. ಜಿಲ್ಲಾಧಿಕಾರಿ ಕಚೇರಿಯ ಟ್ರಾನ್ಸ್‌ಜೆಂಡರ್ ಪ್ರಮಾಣಪತ್ರದ ನಿಯಮಗಳನ್ನು ಅರ್ಜಿ ಹಾಕುವ ದಿನ ಇನ್ನೊಮ್ಮೆ ಓದಿಕೊಳ್ಳಿ. ಹಾರ್ಮೋನ್ ತೆಗೆದುಕೊಳ್ಳುತ್ತಿದ್ದರೆ ಇಲ್ಲಿನ ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ ಬರೆಸಿಟ್ಟುಕೊಳ್ಳಿ, ಹೋಗುವ ದೇಶಕ್ಕೆ ಎಷ್ಟು ತಿಂಗಳ ಔಷಧಿ ಒಯ್ಯಬಹುದು ಅಂತ ನೋಡಿಕೊಳ್ಳಿ.

ಆಶ್ರಯ ಕೇಳಬಹುದಾ?

“ಅಲ್ಲಿ ಇಳಿದು ಅಸೈಲಂ ಹಾಕಿಬಿಡು” ಅನ್ನುವ ಏಜೆಂಟರ ಮಾತು ನಂಬಬೇಡಿ. ಆಶ್ರಯ ಇರುವುದು ನಿಜವಾಗಿ ಜೀವಭಯ ಇರುವವರಿಗೆ, ಒಬ್ಬೊಬ್ಬರ ಕಥೆಯನ್ನೂ ಪುರಾವೆ ಇಟ್ಟು ಪರೀಕ್ಷಿಸುತ್ತಾರೆ. 2018ರ ತೀರ್ಪಿನ ನಂತರ ಭಾರತದವರಿಗೆ ಅದು ಇನ್ನೂ ಕಷ್ಟ. ಬ್ರಿಟನ್ 2024ರಲ್ಲಿ ಭಾರತವನ್ನು ಸುರಕ್ಷಿತ ದೇಶಗಳ ಪಟ್ಟಿಗೆ ಸೇರಿಸಿದೆ. ಕೊಲೆ ಬೆದರಿಕೆಯಂಥದ್ದು ನಿಜವಾಗಿ ಇದ್ದರೆ ಮೆಸೇಜು, ಪೊಲೀಸ್ ದೂರು ಎಲ್ಲ ಜೋಪಾನ ಮಾಡಿ, ಅಲ್ಲಿನ ವಕೀಲರನ್ನೇ ಕೇಳಿ.

ಈಗಿನಿಂದಲೇ ಮಾಡಬೇಕಾದದ್ದು

18 ತುಂಬಿದ ಕೂಡಲೇ ಪಾಸ್‌ಪೋರ್ಟ್ ಮಾಡಿಸಿ, ಅಪ್ಪ ಅಮ್ಮನ ಒಪ್ಪಿಗೆ ಪತ್ರ ಬೇಕಾಗುವುದಿಲ್ಲ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಕೇಂದ್ರ ಅನ್ನುವ ವ್ಯವಸ್ಥೆ ದೇಶದಲ್ಲಿ ಮೊದಲು ಬಂದ ಊರುಗಳಲ್ಲಿ ನಮ್ಮ ಮೈಸೂರೂ ಒಂದು, 2017ರಲ್ಲಿ. ಮಾಮೂಲಿ 36 ಪುಟದ ಪಾಸ್‌ಪೋರ್ಟಿಗೆ 1,500 ರೂಪಾಯಿ. ಪರಿಶೀಲನೆಗೆ ಪೊಲೀಸರು ಮನೆಗೆ ಬರಬಹುದು, ಹಾಗಾಗಿ ಮನೆಯವರಿಗೆ ಗೊತ್ತಾಗುತ್ತದೆ. “ಮುಂದೆ ಕೆಲಸಕ್ಕೆ ಕೇಳ್ತಾರೆ” ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಹೊರದೇಶದ ಮಾತು ಶುರುವಾಗುವ ಮೊದಲೇ ಈ ಕೆಲಸ ಮುಗಿಸಿಕೊಂಡಿರಿ. ಎಲ್ಲ ಮಾರ್ಕ್ಸ್ ಕಾರ್ಡು ಡಿಜಿಲಾಕರ್‌ನಲ್ಲಿ ಇರಲಿ. ನಿಮ್ಮ ಹೆಸರಲ್ಲೇ ಬ್ಯಾಂಕ್ ಖಾತೆ, ನಿಮಗೆ ಮಾತ್ರ ಪಾಸ್‌ವರ್ಡ್ ಗೊತ್ತಿರುವ ಮೇಲ್ ಐಡಿ ಇರಲಿ.

ಮನೆಯಲ್ಲಿ ಗೊತ್ತಾಗಿ “ಸರಿ ಮಾಡಿಸ್ತೀವಿ” ಅಂತ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ, ಅಂಥ ಚಿಕಿತ್ಸೆ ಕೊಡುವುದು ವೈದ್ಯರ ವೃತ್ತಿ ದುರ್ನಡತೆ ಎಂದು ನ್ಯಾಷನಲ್ ಮೆಡಿಕಲ್ ಕಮಿಷನ್ 2022ರಲ್ಲೇ ಹೇಳಿದೆ ಅನ್ನುವುದು ನಿಮಗೆ ಗೊತ್ತಿರಲಿ. ಕೂಡಿಹಾಕಿದರೆ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ, ಅರ್ಹರಿಗೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಇಂಥ ಕೇಸುಗಳಲ್ಲಿ ಮಕ್ಕಳ ಇಷ್ಟವನ್ನು ಹೇಗೆ ಕೇಳಬೇಕು ಅಂತ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕೆಳಗಿನ ಕೋರ್ಟುಗಳಿಗೆ ಮಾರ್ಗಸೂಚಿ ಕೊಟ್ಟಿದೆ. ರಾತ್ರಿ ಹೊತ್ತು ಎದೆ ಭಾರ ತಡೆಯಲಾಗದಿದ್ದರೆ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ, 24 ಗಂಟೆಯೂ.

ಜರ್ಮನಿ ಅಂತ ಮನಸ್ಸು ಮಾಡಿದವರಿಗೆ ಒಂದು ಲೆಕ್ಕ. ಅಲ್ಲಿನ ಚಳಿಗಾಲದ ಸೆಮಿಸ್ಟರ್‌ಗೆ ಹಲವು ಕಡೆ ಜುಲೈ 15 ಕೊನೆ ದಿನ, ಕೆಲವು ಕೋರ್ಸುಗಳಿಗೆ ಇನ್ನೂ ಮುಂಚೆ. ಎಪಿಎಸ್ ಅದಕ್ಕೂ ಮುಂಚೆ ಕೈಯಲ್ಲಿರಬೇಕು. ಅಂದರೆ ಡಿಗ್ರಿಯ ಕೊನೆ ವರ್ಷ ಶುರುವಾಗುತ್ತಿದ್ದಂತೆ ಎಪಿಎಸ್ ನಿಯಮ ಓದಿ ಕಾಗದ ಒಟ್ಟು ಮಾಡಬೇಕು, ಮೊದಲ ವರ್ಷದಲ್ಲೇ ಜರ್ಮನ್ ಕ್ಲಾಸಿಗೆ ಸೇರಬೇಕು. ಈ ಜೂನ್‌ನಲ್ಲಿ ಕಾಲೇಜು ಸೇರುತ್ತಿದ್ದರೆ, ಭಾಷೆಯ ಕ್ಲಾಸಿಗೂ ಈ ಜೂನ್‌ನಲ್ಲೇ ಹೆಸರು ಬರೆಸಿ.